ಲಾಲ್‌ಬಾಗಿನಿಂದ ಹಣ್ಣಿನ ಗಿಡ ಕೊಂಡೊಯ್ಯುವವರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ತಾರಸಿಗಳ ಮೇಲೆಯೂ ಬಾಲ್ಕನಿಗಳಲ್ಲಿಯೂ ಕುಂಡದಲ್ಲಿ ಹಣ್ಣಿನ ಗಿಡ ಬೆಳೆಸಲು ಸಂಕಲ್ಪಿಸಿರುವ ಸಮಸ್ತ ಗೃಹಸ್ಥರಿಗೂ ಗೃಹಿಣಿಯರಿಗೂ ನಮಸ್ಕಾರಪೂರ್ವಕ ವಿಜ್ಞಾಪನೆ.



ಪ್ರತಿವರ್ಷವೂ ಗಣರಾಜ್ಯೋತ್ಸವ ಹಾಗೂ ಸ್ವಾತಂತ್ರ್ಯೋತ್ಸವಗಳ ಆಸುಪಾಸಿನಲ್ಲಿ ಲಾಲ್‌ಬಾಗಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನವನ್ನು ಕಂಡು ಹಿಂದಿರುಗುವ ಜನಸ್ತೋಮದಲ್ಲಿ, ಗಾಜಿನ ಮನೆಯ ಅಲಂಕಾರವನ್ನು ಕಣ್ತುಂಬ ನೋಡಿ ಅಷ್ಟಕ್ಕೆ ತೃಪ್ತರಾಗುವವರು ಬಹುಮಂದಿ ಇದ್ದರೂ, ಒಂದು ಸೀಬೆಯನ್ನೋ ಒಂದು ದಾಳಿಂಬೆಯನ್ನೋ ಕಪ್ಪು ಪಾಲಿಥೀನ್ ಕವರಿನ ಸಮೇತ ತೋಳಿನಲ್ಲಿ ಅವುಚಿಕೊಂಡು ಆಟೋರಿಕ್ಷಾಕ್ಕಾಗಿ ಕಾಯುವವರೂ ಕಡಮೆಯಿಲ್ಲ. ನನ್ನ ಪತ್ರ ಈ ಎರಡನೆಯ ವರ್ಗದವರಿಗೆ. ತಮ್ಮ ಉತ್ಸಾಹವನ್ನು ಕುಂದಿಸುವ ಇಚ್ಛೆ ನನಗಿಲ್ಲ. ಸ್ವಂತ ನೆಲವೆಂಬುದು ಮೂವತ್ತು ನಲವತ್ತರ ನಿವೇಶನಕ್ಕೂ ಇಳಿದು, ಅದೂ ಕೈಗೆಟುಕದೆ ಐದನೆಯ ಅಂತಸ್ತಿನ ಬಾಲ್ಕನಿಗೆ ಸಂಕೋಚಗೊಂಡಿರುವ ಈ ಊರಿನಲ್ಲಿ, ಮನೆಯಲ್ಲಿಯೇ ಹಣ್ಣಾದ ಒಂದು ಅಂಜೂರವನ್ನು ಬೆಳಗಿನ ಹೊತ್ತು ಕಿತ್ತು ತಿನ್ನಬೇಕೆಂಬ ಆಸೆಗಿಂತ ನಿರಪಾಯಕರವಾದ ಆಸೆ ಮತ್ತೊಂದಿರಲಾರದು. ಆದರೆ ಹೀಗೆ ಹೊತ್ತು ತಂದ ಗಿಡಗಳಲ್ಲಿ ಬಹುಪಾಲು ಎರಡು ಮೂರು ವರ್ಷಗಳಲ್ಲಿ ಎಲೆ ಹಳದಿಯಾಗಿ, ತುದಿ ಒಣಗಿ, ಕಡೆಗೆ ನೀರಿನ ಟ್ಯಾಂಕಿನ ಮಗ್ಗುಲಿಗೆ ಸರಿದು, ಬಟ್ಟೆ ಒಣಗಿಸುವ ಹಗ್ಗಕ್ಕೆ ಆಧಾರಸ್ತಂಭವಾಗಿ ಪರ್ಯವಸಾನ ಹೊಂದುವುದನ್ನು ನೆರೆಕೆರೆಯ ತಾರಸಿಗಳಲ್ಲಿ ಕಾಣುತ್ತ ಬಂದಿದ್ದೇನೆ. ಆಗ ಮನೆಯವರು ತಮ್ಮ ಕೈಗುಣ ಸರಿಯಿಲ್ಲವೆಂದು ಸಮಾಧಾನ ಹೇಳಿಕೊಳ್ಳುತ್ತಾರೆ. ಕೈಗುಣದಲ್ಲಿ ನನಗೆ ನಂಬಿಕೆ ಕಡಮೆ. ಕುಂಡದ ಗಿಡದ ಸುಖದುಃಖಗಳೆಲ್ಲ ನಡೆಯುವುದು ನಾವು ನೋಡದ ಕಡೆಯಲ್ಲಿ, ಬೇರಿನಲ್ಲಿ. ನಾವೋ ದಿನಂಪ್ರತಿ ಎಲೆಯನ್ನೂ ಹೂವನ್ನೂ ಎಣಿಸುತ್ತ, ಬೇರಿಗೆ ವರ್ಷಗಟ್ಟಲೆ ಮುಖದರ್ಶನವನ್ನೇ ಕೊಡದೆ ಇರುತ್ತೇವೆ.

ನೆಲದಲ್ಲಿ ನೆಟ್ಟ ಮರಕ್ಕೆ ಒಂದು ಸ್ವಾತಂತ್ರ್ಯವುಂಟು. ಇಲ್ಲಿ ನೀರು ಸಾಲದಾದರೆ ಅದು ಅಲ್ಲಿಗೆ ಬೇರು ಚಾಚುತ್ತದೆ. ಮೇಲ್ಮಣ್ಣು ಕಾದರೆ ಆಳಕ್ಕಿಳಿಯುತ್ತದೆ. ಉದುರಿದ ಎಲೆ ಎರೆಹುಳುವಿನ ಮೂಲಕ ಅದಕ್ಕೇ ಮರಳಿ ಆಹಾರವಾಗುತ್ತದೆ. ಕುಂಡಕ್ಕೆ ತಂದೊಡನೆ ಈ ಸ್ವಾತಂತ್ರ್ಯವೆಲ್ಲ ತಪ್ಪಿ, ಮಳೆ, ಮಣ್ಣು, ಎರೆಹುಳು ಇವುಗಳ ಸಮಸ್ತ ಕರ್ತವ್ಯವೂ ಮನೆಯ ಯಜಮಾನನ ತಲೆಗೆ ಬೀಳುತ್ತದೆ. ತುಳಸಿಯನ್ನು ಬೃಂದಾವನದಲ್ಲಿ ಸಾಕಿ ಬಂದ ನಮ್ಮ ಮನೆಗಳಿಗೆ ಈ ಜವಾಬ್ದಾರಿ ಅಪರಿಚಿತವೇನಲ್ಲ. ಆದರೆ ತುಳಸಿಯ ಅಪೇಕ್ಷೆ ಅಲ್ಪ, ಹಣ್ಣಿನ ಮರದ ಅಪೇಕ್ಷೆ ದೊಡ್ಡದು. ಈ ಭಾರವನ್ನು ಹೊರಲು ಒಪ್ಪಿಗೆಯಿದ್ದವರು ಮಾತ್ರ ಮುಂದೆ ಓದುವುದು ಒಳ್ಳೆಯದು.

ಮೊದಲನೆಯದಾಗಿ ಗಿಡವನ್ನು ಆರಿಸುವ ವಿಚಾರ. ಮಾರಾಟಕ್ಕಿಟ್ಟ ಸಾಲಿನಲ್ಲಿ ನಾಲ್ಕು ಹಣ್ಣು ತೂಗುತ್ತಿರುವ ಗಿಡವೊಂದಿದ್ದರೆ ಕಣ್ಣು ಅಲ್ಲಿಗೇ ಹೋಗುವುದು ಸ್ವಾಭಾವಿಕ. ಮಾರುವವನಿಗೂ ಅದು ತಿಳಿದದ್ದೇ. ನನ್ನ ಪ್ರಾರ್ಥನೆಯೆಂದರೆ, ಆ ಗಿಡವನ್ನು ಬಿಟ್ಟು ಉಳಿದವುಗಳನ್ನು ನೋಡಿ. ಅಂಗೈಯಗಲದ ಕವರಿನಲ್ಲಿ ನಿಂತು ಹಣ್ಣು ಹೊತ್ತಿರುವ ಗಿಡ, ತನ್ನ ಬೇರಿಗೆ ಸಲ್ಲಬೇಕಾದ ಸತ್ತ್ವವನ್ನೆಲ್ಲ ಹಣ್ಣಿಗೆ ವ್ಯಯಮಾಡಿರುತ್ತದೆ. ಮನೆಗೆ ತಂದ ಬಳಿಕ ಅದು ಚೇತರಿಸಿಕೊಳ್ಳುವುದಕ್ಕೆ ತೆಗೆದುಕೊಳ್ಳುವ ಕಾಲದಲ್ಲಿ ಪಕ್ಕದ ಸಣ್ಣ ಗಿಡ ಅದನ್ನು ಹಿಂದೆ ಹಾಕಿ ಮುಂದೆ ಹೋಗಿರುತ್ತದೆ. ಪೆನ್ಸಿಲಿನಷ್ಟು ದಪ್ಪದ ಕಾಂಡ, ಎಲೆಗಳಲ್ಲಿ ಸಮನಾದ ಹಸುರು, ಕಸಿಯ ಗಂಟು ಸ್ಪಷ್ಟವಾಗಿ ಕೂಡಿಕೊಂಡಿರುವುದು, ಕವರಿನ ತಳದ ರಂಧ್ರಗಳಿಂದ ಹಗ್ಗದಂಥ ಬೇರುಗಳು ಹೊರಬಿದ್ದಿಲ್ಲದಿರುವುದು, ಇಷ್ಟನ್ನು ನೋಡಿದರೆ ಸಾಕು. ಗಂಟಿಗಿಂತ ಕೆಳಗೆ ಚಿಗುರೇನಾದರೂ ಹೊರಟಿದ್ದರೆ ಅದನ್ನು ಮಾತ್ರ ಅವಶ್ಯವಾಗಿ ಗಮನಿಸಬೇಕು. ಕಿತ್ತಳೆ ಮೂಸಂಬಿಗಳನ್ನು ನಮ್ಮಲ್ಲಿ ಸಾಮಾನ್ಯವಾಗಿ ಜಂಬೇರಿಯ ಅಥವಾ ರಂಗಪುರ ನಿಂಬೆಯ ಬೇರುಸಸಿಗೆ ಕಣ್ಣು ಕಸಿ ಮಾಡಿ ಬೆಳೆಸುತ್ತಾರೆ. ಕೆಳಗಿನಿಂದ ಹೊರಡುವ ಚಿಗುರು ಈ ಬೇರುಸಸಿಯದು, ಮುಳ್ಳು ಹೆಚ್ಚು, ಬೆಳವಣಿಗೆ ಬಿರುಸು. ಅದನ್ನು ಬಿಟ್ಟರೆ ಒಂದೆರಡು ಮಳೆಗಾಲದಲ್ಲಿ ಮೇಲಿನ ಮೂಸಂಬಿ ಸೊರಗಿ, ಮನೆಯವರು ಮೂಸಂಬಿಯೆಂದು ನೀರೆರೆಯುತ್ತಿರುವುದು ಜಂಬೇರಿಗೆ ಎಂಬ ಸ್ಥಿತಿ ಒದಗುತ್ತದೆ.

ಹೀಗೆಂದ ಮಾತ್ರಕ್ಕೆ ಬೀಜದ ಗಿಡವೆಲ್ಲ ತ್ಯಾಜ್ಯವೆಂದು ಭಾವಿಸಬೇಡಿ. ಮಾವು ಸೀಬೆಗಳಲ್ಲಿ ಬೀಜದಿಂದ ಹುಟ್ಟಿದ ಗಿಡ ತಾಯಿಯ ಗುಣವನ್ನು ತರುವುದೆಂಬ ಭರವಸೆಯಿಲ್ಲ. ಆದರೆ ನಮ್ಮ ಕಾಗ್ಜಿ ನಿಂಬೆಯ ಒಂದು ಬೀಜದಲ್ಲಿ ಒಂದಕ್ಕಿಂತ ಹೆಚ್ಚು ಭ್ರೂಣಗಳಿರುವುದುಂಟು, ಅವುಗಳಲ್ಲಿ ಹೆಚ್ಚಿನವು ತಾಯಿಯ ಅಂಗಾಂಶದಿಂದಲೇ ಬಂದವು. ಆದುದರಿಂದ ಬೀಜದ ನಿಂಬೆ ಬಹುಮಟ್ಟಿಗೆ ತಾಯಿಯಂತೆಯೇ ಇರುತ್ತದೆ. ಫಲಕ್ಕಾಗಿ ನಾಲ್ಕೈದು ವರ್ಷ ಕಾಯುವ ತಾಳ್ಮೆಯಿದ್ದವರಿಗೆ ಅಡಿಗೆಮನೆಯ ನಿಂಬೆಹಣ್ಣೇ ಸಾಕು. ತಾಳ್ಮೆಯಿಲ್ಲದವರು ಗೂಟಿ ಕಟ್ಟಿದ ಗಿಡವನ್ನು ಕೇಳಿ ಪಡೆಯಬಹುದು.

ಯಾವ ಹಣ್ಣು ಕುಂಡಕ್ಕೆ ಒಗ್ಗೀತು ಎಂಬ ಪ್ರಶ್ನೆಗೆ ಮಾರುವವರಲ್ಲಿ ದೊರೆಯುವ ಉತ್ತರ ಯಾವಾಗಲೂ ಒಂದೇ: ಎಲ್ಲವೂ ಒಗ್ಗುತ್ತದೆ. ಈ ಔದಾರ್ಯ ನನಗಿಲ್ಲ. ಹಲಸನ್ನು ಕುಂಡದಲ್ಲಿ ನೆಡುವುದು ಹಲಸಿಗೂ ಅವಮಾನ, ಕುಂಡಕ್ಕೂ ಕಷ್ಟ. ಬೆಣ್ಣೆಹಣ್ಣಿನ ಬೇರು ಕೆಸರನ್ನು ಸ್ವಲ್ಪವೂ ಸಹಿಸುವುದಿಲ್ಲವಾದುದರಿಂದ ಕುಂಡದಲ್ಲಿ ಅದನ್ನು ಕಾಪಾಡುವುದು ನಿತ್ಯದ ಆತಂಕ. ಮಾವಿನ ಮೇಲೆ ಮೋಹ ಬಿಡಲಾರದವರಿಗೆ, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ದಸೇರಿಯನ್ನೂ ನೀಲಂ ತಳಿಯನ್ನೂ ಕೂಡಿಸಿ 1971ರಲ್ಲಿ ಪಡೆದ ಆಮ್ರಪಾಲಿಯೊಂದು ಉಂಟು; ಗಿಡ್ಡ ಜಾತಿ, ವರ್ಷ ಬಿಟ್ಟು ವರ್ಷ ಕಾಯುವ ಮಾವಿನ ಚಾಳಿಯಿಲ್ಲದೆ ಪ್ರತಿವರ್ಷವೂ ಫಲ ಕೊಡುವಂಥದು; ದೊಡ್ಡ ಪೀಪಾಯಿಯಲ್ಲಿ ಅದನ್ನು ಹಿಡಿದಿಡಬಹುದು. ಬಾದಾಮಿ ಮಾವನ್ನು ಹಾಗೆ ಹಿಡಿದಿಡುತ್ತೇನೆನ್ನುವವರೊಡನೆ ನಾನು ವಾದಿಸುವುದಿಲ್ಲ. ಅವರ ಪೀಪಾಯಿಯನ್ನು ಹತ್ತು ವರ್ಷ ಕಳೆದು ನೋಡುತ್ತೇನೆ. ಸೀಬೆ ಒಪ್ಪುತ್ತದೆ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊರತಂದ ಅರ್ಕ ಅಮೂಲ್ಯದಂಥ ಮಿತ ಬೆಳವಣಿಗೆಯ ತಳಿ ಇನ್ನೂ ಚೆನ್ನಾಗಿ ಒಪ್ಪುತ್ತದೆ, ಏಕೆಂದರೆ ಸೀಬೆ ಹೂ ಬಿಡುವುದು ಹೊಸ ಚಿಗುರಿನ ಮೇಲೆ, ಗಿಡ್ಡವಾಗಿಡಲು ಕೊಂಬೆ ಸವರಿದಷ್ಟೂ ಫಲ ನಷ್ಟವಾಗದೆ ಲಾಭವೇ ಆಗುತ್ತದೆ. ಅಂಜೂರದ ಗುಣವೂ ಅದೇ; ಬೇರಿಗೆ ಸ್ವಲ್ಪ ಇಕ್ಕಟ್ಟಾದರೆ ಅದು ಸೊಪ್ಪನ್ನು ಮಿತಗೊಳಿಸಿ ಹಣ್ಣಿನ ಕಡೆ ಮನಸ್ಸು ಮಾಡುತ್ತದೆ. ಶ್ರೀರಂಗಪಟ್ಟಣದ ಗಂಜಾಮಿನ ಅಂಜೂರದ ಹೆಸರು ಕೇಳಿ ಬೆಳೆದ ನಮಗೆ ಈ ಹಣ್ಣು ಪರಕೀಯವಲ್ಲ.

ಆದರೆ ನನ್ನ ಪಕ್ಷಪಾತವನ್ನು ಮರೆಮಾಚುವುದೇಕೆ? ಕುಂಡದ ಫಲವೃಕ್ಷಗಳಲ್ಲಿ ಅಗ್ರಪೂಜೆ ಸಲ್ಲತಕ್ಕದ್ದು ಹುಳಿಹಣ್ಣುಗಳಿಗೆ. ಸಿಹಿಹಣ್ಣು ಎರಡು ಬಿಟ್ಟರೆ ಮನೆಯಲ್ಲಿ ಪಾಲು ಹಂಚುವ ತೊಡಕು. ಎರಡೇ ನಿಂಬೆಹಣ್ಣು ಬಿಟ್ಟರೂ ಒಂದು ದಿನದ ಚಿತ್ರಾನ್ನ ಸಾಂಗವಾಗಿ ನಡೆದುಹೋಗುತ್ತದೆ. ನಿಂಬೆ, ಹೇರಳೆ, ಗಜನಿಂಬೆ, ಕವಳೆ, ಬಿಂಬುಳಿ ಇವು ಒಂದೊಂದೂ ನಮ್ಮ ಅಡಿಗೆಯಲ್ಲಿ ಉಪ್ಪಿನಕಾಯಿಗೋ ಗೊಜ್ಜಿಗೋ ಸಲ್ಲುವಂಥವು. ನಿಂಬೆಯೊಂದನ್ನು ಬಿಟ್ಟರೆ ಉಳಿದವು ಅಂಗಡಿಯಲ್ಲಿ ಸದಾಕಾಲ ಸಿಕ್ಕುವಂಥವಲ್ಲ. ಕವಳೆಯಂತೂ ಬಯಲುಸೀಮೆಯ ಕುರುಚಲು ಕಾಡಿನ ಗಿಡ. ತಾರಸಿಯ ಏಪ್ರಿಲ್ ಬಿಸಿಲು ಅದಕ್ಕೆ ತವರಿನದೇ. ಪಟ್ಟಣದ ಜನ ಕೆಂಪು ತಿರುಳಿನ ಡ್ರ್ಯಾಗನ್ ಹಣ್ಣಿಗೆ ಕೊಡುವ ಗೌರವದಲ್ಲಿ ಕಾಲುಭಾಗವನ್ನಾದರೂ ಹೇರಳೆಗೆ ಕೊಟ್ಟಿದ್ದರೆ, ಗಿಡ ಮಾರುವವರು ಅದನ್ನು ಹಿಂದಿನ ಸಾಲಿಗೆ ತಳ್ಳುತ್ತಿರಲಿಲ್ಲ.

ಇನ್ನು ಕುಂಡ. ಹಣ್ಣಿನ ಗಿಡಕ್ಕೆ ಕಡೆಯಲ್ಲಿ ಬೇಕಾಗುವುದು ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಪಾತ್ರೆ. ಆದರೆ ಮೊದಲ ದಿನವೇ ಅದರಲ್ಲಿ ನೆಡುವುದು ಅವಿವೇಕ. ಅಂಗೈಯಷ್ಟು ಬೇರಿನ ಸುತ್ತ ಮಣಗಟ್ಟಲೆ ಮಣ್ಣು ತುಂಬಿದರೆ, ಕುಡಿಯುವ ಬೇರಿಲ್ಲದ ಕಡೆಯ ನೀರು ಅಲ್ಲಿಯೇ ನಿಂತು, ಮಣ್ಣು ಉಸಿರಾಟ ತಪ್ಪಿ ಹುಳಿಯುತ್ತದೆ. ಕವರಿನಿಂದ ಹತ್ತು ಅಂಗುಲದ ಕುಂಡಕ್ಕೆ, ಬೇರು ಅದನ್ನು ತುಂಬಿದ ಮೇಲೆ ಹದಿನಾಲ್ಕಕ್ಕೆ, ಆಮೇಲೆ ಹದಿನೆಂಟಕ್ಕೆ, ಹೀಗೆ ಮೆಟ್ಟಿಲಾಗಿ ಏರಿಸುವುದು ಕ್ರಮ. ಹದಿನೆಂಟು ಅಂಗುಲದ ಕುಂಡದಲ್ಲಿ ಸುಮಾರು 70 ಲೀಟರಿನಷ್ಟು ಮಣ್ಣು ಹಿಡಿಯುತ್ತದೆ. ತೊಯ್ದಾಗ ಅದರ ತೂಕ 100 ಕಿಲೋವನ್ನು ಮೀರುತ್ತದೆ. ಜನ ಓಡಾಡುವ ಚಪ್ಪಟೆ ತಾರಸಿಗೆ ಭಾರತೀಯ ಮಾನಕದ ಸಂಹಿತೆ ಲೆಕ್ಕ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ಆದಕಾರಣ ದೊಡ್ಡ ಕುಂಡಗಳನ್ನು ತಾರಸಿಯ ನಡುವೆ ಗುಂಪುಗೂಡಿಸದೆ, ಕೆಳಗೆ ತೊಲೆಯೋ ಗೋಡೆಯೋ ಇರುವ ಅಂಚಿನುದ್ದಕ್ಕೆ ಬಿಡಿಬಿಡಿಯಾಗಿ, ಇಟ್ಟಿಗೆಯ ಮೇಲೆ ಎತ್ತರಿಸಿ ಇಡಿ. ಹಳೆಯ ಮನೆಯಾದರೆ ಇಂಜಿನಿಯರೊಬ್ಬರನ್ನು ಕೇಳಿ ಇಡಿ. ಮಣ್ಣಿನ ಕುಂಡ ತಂಪು, ಆದರೆ ಭಾರ. ಪ್ಲಾಸ್ಟಿಕ್ಕು ಹಗುರ, ಆದರೆ ಕಪ್ಪು ಬಣ್ಣದ್ದಾದರೆ ಬೇಸಗೆಯಲ್ಲಿ ಬಿಸಿಲು ಬೀಳುವ ಮಗ್ಗುಲಿನ ಬೇರು ಬೇಯುತ್ತದೆ. ಹೊರಗೆ ಒಂದು ಕೈ ಸುಣ್ಣ ಬಳಿದರೆ ಈ ದೋಷ ಬಹಳಮಟ್ಟಿಗೆ ಪರಿಹಾರವಾಗುತ್ತದೆ. ಅಂದಕ್ಕೆ ಭಂಗ ಬಂದೀತೆನ್ನುವವರು ಗೋಣಿಚೀಲ ಸುತ್ತಲಿ.

ಮಣ್ಣಿನ ವಿಚಾರದಲ್ಲಿ ಒಂದು ಸಂಪ್ರದಾಯವನ್ನು ಪ್ರತಿಭಟಿಸಬೇಕಾಗಿದೆ. ಕುಂಡದ ತಳಕ್ಕೆ ನಾಲ್ಕು ಬೆರಳು ಜಲ್ಲಿಯನ್ನೋ ಇಟ್ಟಿಗೆ ಚೂರನ್ನೋ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆಂದು ನಮಗೆಲ್ಲ ಹಿರಿಯರು ಕಲಿಸಿದ್ದಾರೆ. ವಾಸ್ತವ ಇದಕ್ಕೆ ವಿರುದ್ಧ. ಸೂಕ್ಷ್ಮ ರಂಧ್ರಗಳ ಮಣ್ಣು ತನ್ನಲ್ಲಿನ ನೀರನ್ನು ದೊಡ್ಡ ಸಂದುಗಳ ಜಲ್ಲಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಜಲ್ಲಿಯ ಮೇಲ್ಭಾಗದ ಮಣ್ಣು ಪೂರ್ತಿ ತೊಯ್ದು ತೊಟ್ಟಿಕ್ಕುವ ತನಕ ನೀರು ಅಲ್ಲಿಯೇ ತಂಗುತ್ತದೆ. ಪಾತ್ರೆ ತೊಳೆಯುವ ಸ್ಪಂಜನ್ನು ನೆನೆಸಿ ಅಂಗೈ ಮೇಲೆ ಅಡ್ಡಲಾಗಿ ಹಿಡಿದು, ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ನೆಟ್ಟಗೆ ನಿಲ್ಲಿಸಿದರೆ ಮತ್ತಷ್ಟು ನೀರು ಸುರಿಯುವುದನ್ನು ತಾವು ನೋಡಬಹುದು; ಕುಂಡದ ಮಣ್ಣಿನ ನಡತೆಯೂ ಇಂಥದೇ, ಎತ್ತರ ಹೆಚ್ಚಿದಷ್ಟೂ ಬಸಿಯುವುದು ಹೆಚ್ಚು. ಜಲ್ಲಿ ತುಂಬುವುದೆಂದರೆ ಆ ಎತ್ತರವನ್ನು ನಾಲ್ಕು ಬೆರಳು ಕಡಮೆ ಮಾಡಿ, ಜೌಗನ್ನು ಬೇರಿನ ಹತ್ತಿರಕ್ಕೆ ಎತ್ತಿ ಕೊಟ್ಟಂತೆ. ರಂಧ್ರದ ಮೇಲೆ ಒಡೆದ ಹೆಂಚಿನ ಒಂದು ತುಂಡು, ಮಣ್ಣು ಸೋರದಿರುವುದಕ್ಕೆ ಸಾಕು. ಬಸಿಯುವ ಗುಣವನ್ನು ಮಣ್ಣಿನಲ್ಲಿಯೇ ತರಬೇಕು: ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ. ಈಗ ಹೊಳೆಯ ಮರಳು ಎಲ್ಲಿಯೂ ಸಿಕ್ಕದೆ ಎಂ-ಸ್ಯಾಂಡನ್ನೇ ತರುವವರು ಅದನ್ನು ಎರಡು ಮೂರು ನೀರಿನಲ್ಲಿ ತೊಳೆದು, ಹಿಟ್ಟಿನಂಥ ಕಲ್ಲುಪುಡಿಯನ್ನು ಹೊರಗೆ ಚೆಲ್ಲಿ ಬಳಸಬೇಕು. ಇಲ್ಲದಿದ್ದರೆ ಮರಳು ಹಾಕಿದ ಉದ್ದೇಶವೇ ಕೆಡುತ್ತದೆ. ತೆಂಗಿನ ನಾರಿನ ಪುಡಿಯಲ್ಲಿ ಉಪ್ಪಿನಂಶ ಇರಬಹುದಾದುದರಿಂದ ಅದಕ್ಕೂ ಈ ಸ್ನಾನ ಅವಶ್ಯ.

ನೀರೆರೆಯುವುದು ಎಲ್ಲಕ್ಕಿಂತ ಸುಲಭವೆಂದು ಕಾಣುತ್ತದೆ, ಆದುದರಿಂದಲೇ ಅತ್ಯಧಿಕ ಗಿಡಗಳು ಅದರಿಂದ ಸಾಯುತ್ತವೆ. ದಿನವೂ ಬೆಳಿಗ್ಗೆ ಒಂದು ಚೊಂಬು ಎಂಬ ನಿಯಮ ಸಂಧ್ಯಾವಂದನೆಗೆ ಸರಿ, ಗಿಡಕ್ಕೆ ಸರಿಯಲ್ಲ. ಬೆರಳನ್ನು ಎರಡು ಗಿಣ್ಣು ಮಣ್ಣಿಗೆ ಇಳಿಸಿ ನೋಡಿ. ತಣ್ಣಗೆ ಅಂಟಿದರೆ ಆ ದಿನ ನೀರು ಬೇಡ, ಒಣಗಿ ಉದುರಿದರೆ ತಳದ ರಂಧ್ರದಿಂದ ನೀರು ಹೊರಬರುವ ತನಕ ಧಾರಾಳವಾಗಿ ಎರೆಯಿರಿ. ಅರೆಬರೆ ಎರೆದ ನೀರು ಮೇಲಿನ ಬೇರನ್ನು ಮಾತ್ರ ತೊಯ್ಸಿ, ಮಣ್ಣಿನಲ್ಲಿ ಉಪ್ಪು ಶೇಖರವಾಗುವುದಕ್ಕೂ ಕಾರಣವಾಗುತ್ತದೆ. 2024ರ ಮಾರ್ಚಿನಲ್ಲಿ ಊರಿಗೆ ನೀರಿನ ಬರ ಬಂದು, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5000 ರೂಪಾಯಿ ದಂಡವೆಂದು ಜಲಮಂಡಳಿ ವಿಧಿಸಿದ್ದು ತಮಗೆ ನೆನಪಿರಬಹುದು. ಅಕ್ಕಚ್ಚು, ತರಕಾರಿ ತೊಳೆದ ನೀರು ಇವು ನಾಲ್ಕಾರು ಕುಂಡಗಳಿಗೆ ಯಥೇಷ್ಟವೆಂಬುದನ್ನು ಆ ಬೇಸಗೆಯಲ್ಲಿ ಎಷ್ಟೋ ಮನೆಗಳು ಕಲಿತವು. ಆದರೆ ನೀರು ಶುದ್ಧಿಮಾಡುವ ಯಂತ್ರದಿಂದ ಹೊರಬೀಳುವ ತ್ಯಾಜ್ಯದ ನೀರನ್ನು ಮಿತವ್ಯಯದ ಹೆಸರಿನಲ್ಲಿ ಗಿಡಕ್ಕೆ ಹೊಯ್ಯುವುದು ಹಿತವಲ್ಲ, ಯಂತ್ರ ಬೇಡವೆಂದು ಬಿಟ್ಟ ಲವಣಗಳೆಲ್ಲ ಅದರಲ್ಲಿಯೇ ಇರುತ್ತವೆ.

ನೀರಿನ ಲವಣಕ್ಕೆ ಸಂಬಂಧಪಟ್ಟ ಒಂದು ವ್ಯಾಧಿಯನ್ನು ಸ್ವಲ್ಪ ಸಾವಧಾನವಾಗಿ ಹೇಳಬೇಕು. ನಿಂಬೆಯ ಗಿಡದ ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸುರಾಗಿ ಉಳಿದು, ಎಲೆಯ ಮೇಲೆ ಯಾರೋ ಹಸುರು ಶಾಯಿಯಲ್ಲಿ ಬಲೆ ಬರೆದ ಹಾಗೆ ತೋರುವುದು ನಮ್ಮ ಊರಿನಲ್ಲಿ ಅತಿ ಸಾಮಾನ್ಯ. ಗೊಬ್ಬರ ಸಾಲದೆಂದು ಭಾವಿಸಿ ಮನೆಯವರು ಕಡಲೆಹಿಂಡಿಯನ್ನು ಇಮ್ಮಡಿ ಮಾಡುತ್ತಾರೆ, ಗುಣ ಕಾಣುವುದಿಲ್ಲ. ಕೊರತೆ ಕಬ್ಬಿಣದ್ದು, ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಕೆಮ್ಮಣ್ಣಿಗೆ ಆ ಕೆಂಪು ಬಂದಿರುವುದೇ ಅದರಿಂದ. ಆದರೆ ಕೊಳವೆಬಾವಿಯ ಗಡಸು ನೀರನ್ನು ವರ್ಷಗಟ್ಟಲೆ ಎರೆದಾಗ ಕುಂಡದ ಅಷ್ಟು ಸ್ವಲ್ಪ ಮಣ್ಣು ಕ್ಷಾರವಾಗಿ, ಇರುವ ಕಬ್ಬಿಣವನ್ನೂ ಬೇರು ಹೀರಲಾರದ ರೂಪಕ್ಕೆ ತಿರುಗಿಸುತ್ತದೆ. ನೆಲದ ಮರಕ್ಕೆ ಮಳೆಗಾಲವೊಂದು ಬಂದು ಈ ಕ್ಷಾರವನ್ನು ಆಳಕ್ಕೆ ತೊಳೆದುಬಿಡುತ್ತದೆ. ಬಾಲ್ಕನಿಯ ಸೂರಿನ ಕೆಳಗಿರುವ ಕುಂಡಕ್ಕೆ ಆ ಭಾಗ್ಯವೂ ಇಲ್ಲ. ಜೂನಿನಿಂದ ಆಚೆಗೆ ಗಿಡವನ್ನು ಮಳೆಗೆ ಸರಿಸಿ, ತಾರಸಿಯ ಮಳೆನೀರನ್ನು ಪೀಪಾಯಿಯಲ್ಲಿ ಹಿಡಿದಿಟ್ಟು ಬೇಸಗೆಯಲ್ಲಿ ನಡುನಡುವೆ ಎರೆದು, ಮಣ್ಣಿನಲ್ಲಿ ಕಳಿತ ಗೊಬ್ಬರದ ಅಂಶವನ್ನು ಹೆಚ್ಚಿಸಿದರೆ ಬರುವ ಹೊಸ ಚಿಗುರು ಹಸುರಾಗಿಯೇ ಬರುತ್ತದೆ. ತುರ್ತಿದ್ದರೆ ಗೊಬ್ಬರದಂಗಡಿಯಲ್ಲಿ ಚಿಲೇಟೆಡ್ ಕಬ್ಬಿಣವೆಂದು ಕೇಳಿದರೆ ಕೊಡುತ್ತಾರೆ.

ಈಗ ಯಾವುದನ್ನು ಹೇಳುವುದಕ್ಕಾಗಿ ಮುಖ್ಯವಾಗಿ ಈ ಪತ್ರಕ್ಕೆ ಕೈಹಾಕಿದೆನೋ ಆ ವಿಷಯ. ಎಷ್ಟು ಒಳ್ಳೆಯ ಮಣ್ಣಾದರೂ, ಎಷ್ಟು ದೊಡ್ಡ ಕುಂಡವಾದರೂ, ಎರಡು ಮೂರು ವರ್ಷಗಳಲ್ಲಿ ಬೇರು ಗೋಡೆಗೆ ತಾಗಿ, ಮುಂದೆ ದಾರಿ ಕಾಣದೆ, ಕುಂಡದ ಒಳಸುತ್ತನ್ನೇ ಪ್ರದಕ್ಷಿಣೆ ಬರತೊಡಗುತ್ತದೆ. ಎರೆದ ನೀರು ಮಣ್ಣಿನಲ್ಲಿ ಇಂಗದೆ ಅಂಚಿನಿಂದ ನೇರವಾಗಿ ಕೆಳಗಿಳಿದುಹೋಗುವುದು, ಬೆಳಿಗ್ಗೆ ಎರೆದರೂ ಮಧ್ಯಾಹ್ನಕ್ಕೆ ಎಲೆ ಬಾಡುವುದು, ಹೊಸ ಎಲೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುವುದು, ಇವು ಅದರ ಲಕ್ಷಣಗಳು. ಇಂಥ ಗಿಡಕ್ಕೆ ಗೊಬ್ಬರ ಸುರಿದರೆ ಪ್ರಯೋಜನವಿಲ್ಲ. ಹೊರಕ್ಕೆ ತೆಗೆದು ಬೇರನ್ನು ಸವರಬೇಕು. ಈ ಮಾತನ್ನು ಕೇಳಿದೊಡನೆ ಅನೇಕರು, ವಿಶೇಷವಾಗಿ ಮನೆಯ ಹಿರಿಯರು, ಬೆಚ್ಚಿಬೀಳುತ್ತಾರೆ. ಬೇರು ಕಡಿಯುವುದೆಂದರೆ ನಮ್ಮ ಭಾಷೆಯಲ್ಲಿಯೇ ಸರ್ವನಾಶ. ಆದರೆ ಕೊಂಬೆ ಸವರಿದರೆ ಚಿಗುರು ಬರುವಂತೆ ಬೇರು ಸವರಿದರೂ ಹೊಸ ಬೇರು ಹೊರಡುತ್ತದೆ, ಮತ್ತು ನೀರನ್ನೂ ಸಾರವನ್ನೂ ಹೀರುವ ಶಕ್ತಿಯಿರುವುದು ಹೊಸ ಬೇರಿನ ಸೂಕ್ಷ್ಮವಾದ ತುದಿಗಳಿಗೇ ಹೊರತು ಹಳೆಯ ಹಗ್ಗಗಳಿಗಲ್ಲ.

ಕ್ರಮ ಇದು. ನಿಂಬೆ ಸೀಬೆಗಳಿಗೆ ಮುಂಗಾರು ಹಿಡಿದು ಆಕಾಶ ಮೋಡ ಕವಿದಿರುವ ದಿನಗಳು, ಅಂಜೂರ ದಾಳಿಂಬೆಗಳಿಗೆ ಎಲೆ ಉದುರಿ ಗಿಡ ಸುಮ್ಮನಿರುವ ಚಳಿಗಾಲ, ಇವು ಪ್ರಶಸ್ತ. ಹಿಂದಿನ ದಿನ ನೀರೆರೆದು, ಕುಂಡವನ್ನು ಮಗ್ಗುಲಾಗಿ ಮಲಗಿಸಿ, ಅಂಚಿನುದ್ದಕ್ಕೂ ಹಳೆಯ ಚಾಕುವೊಂದನ್ನು ಆಡಿಸಿದರೆ ಗಿಡ ಮಣ್ಣಿನ ಹೆಂಟೆಯ ಸಮೇತ ಜಾರಿ ಬರುತ್ತದೆ. ಆ ಹೆಂಟೆಯನ್ನು ಒಮ್ಮೆ ನಿಧಾನವಾಗಿ ನೋಡಿ. ಹೊರಗೆ ಕಂದುಬಣ್ಣದ ಬೇರುಗಳು ಬುಟ್ಟಿ ಹೆಣೆದಂತೆ ಒತ್ತೊತ್ತಾಗಿ ಸುತ್ತಿಕೊಂಡು ಮಣ್ಣೇ ಕಾಣದ ಹಾಗಿದ್ದು, ತಳದಲ್ಲಿ ಅವು ದಪ್ಪನಾದ ಚಾಪೆಯಾಗಿರುತ್ತವೆ. ಮುರಿದು ಮೂಸಿದರೆ ಮಳೆ ಬಿದ್ದ ಹೊಲದ ವಾಸನೆಯಿದ್ದರೆ ಗಿಡ ಆರೋಗ್ಯವಾಗಿದೆ, ಕೊಳೆತ ವಾಸನೆಯಿದ್ದು ಬೇರಿನ ಸಿಪ್ಪೆ ಬೆರಳಿಗೆ ಜಾರಿ ಬಂದರೆ ನೀರು ಹೆಚ್ಚಾಗಿದೆ. ಗರಗಸದಿಂದಲೋ ಹರಿತವಾದ ಕತ್ತಿಯಿಂದಲೋ ಸುತ್ತಲೂ ಎರಡು ಬೆರಳಗಲ, ತಳದಲ್ಲಿ ಮೂರು ಬೆರಳಗಲ ಕತ್ತರಿಸಿ ತೆಗೆದು, ಒಳಗಿನ ಹಳೆಯ ಮಣ್ಣನ್ನು ಕಡ್ಡಿಯಿಂದ ಸ್ವಲ್ಪ ಕೆದರಿ ಉದುರಿಸಿ, ಅದೇ ಕುಂಡದಲ್ಲಿ ಹೊಸ ಮಣ್ಣು ತುಂಬಿ, ಸಂದುಗಳಲ್ಲಿ ಗಾಳಿ ನಿಲ್ಲದಂತೆ ಕಡ್ಡಿಯಿಂದ ಜಡಿದು ಗಿಡವನ್ನು ಮೊದಲಿನ ಮಟ್ಟಕ್ಕೇ ನಿಲ್ಲಿಸಬೇಕು. ಕೆಳಗೆ ತೆಗೆದಷ್ಟು ಪಾಲನ್ನು ಮೇಲಿನ ಕೊಂಬೆಗಳಲ್ಲಿಯೂ ತೆಗೆಯುವುದು ನ್ಯಾಯ. ಕಡಮೆಯಾದ ಬೇರು ಮೊದಲಿನಷ್ಟೇ ಎಲೆಗಳಿಗೆ ನೀರು ಒದಗಿಸಲಾರದು. ಎರಡು ವಾರ ನೆರಳು, ಒಂದು ತಿಂಗಳು ಗೊಬ್ಬರದ ಉಪವಾಸ. ಆಮೇಲೆ ಬರುವ ಚಿಗುರನ್ನು ನೋಡಿದವರು ಮತ್ತೆ ನನ್ನ ಮಾತಿಗೆ ಪ್ರಮಾಣ ಕೇಳಲಾರರು.

ಇದೇನೂ ನೂತನ ಸಂಶೋಧನೆಯಲ್ಲ. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ವರ್ಸೈ ಅರಮನೆಯಲ್ಲಿ ಕಿತ್ತಳೆಗಿಡಗಳಿಗೆಂದೇ 1684ರಿಂದ 1686ರ ವರೆಗೆ ಒಂದು ಬೃಹತ್ ಭವನವನ್ನು ಕಟ್ಟಿಸಿದರು. ಚಳಿಗಾಲವನ್ನು ಗಿಡಗಳು ಅದರೊಳಗೆ ಕಳೆದು ಬೇಸಗೆಗೆ ಅಂಗಳಕ್ಕೆ ಬರುತ್ತಿದ್ದುವು, ಇಂದಿಗೂ ಬರುತ್ತವೆ. ಅವುಗಳನ್ನು ನೆಡುವ ಮರದ ಚೌಕಪೆಟ್ಟಿಗೆಗಳ ಪಕ್ಕಗಳು ಕಳಚಿ ತೆಗೆಯುವಂಥವು. ಗಿಡವನ್ನು ಎತ್ತದೆಯೇ ಮಗ್ಗುಲು ತೆರೆದು, ಬೇರನ್ನು ನೋಡಿ, ಸವರಿ, ಮಣ್ಣು ಬದಲಿಸಲು ಅನುಕೂಲವಾಗಲೆಂದು ಹಾಗೆ ಮಾಡಿದ್ದು. ಅರಮನೆಯ ಮಾಲಿಗಳಿಗೆ ಹೊಳೆದ ಈ ವಿಷಯ ನಮ್ಮಲ್ಲಿ ಕುಂಡ ತಯಾರಿಸುವವರಿಗೆ ಏಕೆ ಹೊಳೆಯಲಿಲ್ಲವೋ, ಬಾಯಿ ಕಿರಿದಾಗಿ ಹೊಟ್ಟೆ ದೊಡ್ಡದಾದ ಅಲಂಕಾರದ ಕುಂಡಗಳನ್ನೇ ಮಾಡುತ್ತಾರೆ. ಅಂಥದರಲ್ಲಿ ನೆಟ್ಟ ಗಿಡವನ್ನು ಹೊರತೆಗೆಯಬೇಕಾದರೆ ಕುಂಡವನ್ನು ಒಡೆಯುವುದೊಂದೇ ದಾರಿ. ಬಾಯಿ ಅಗಲ, ತಳ ಕಿರಿದು, ಗೋಡೆ ನೇರ: ಕುಂಡ ಕೊಳ್ಳುವಾಗ ಇದನ್ನು ಮರೆಯಬೇಡಿ.

ಹೂವಿನ ವಿಷಯ ಸಂಕ್ಷೇಪವಾಗಿ. ದಾಳಿಂಬೆಯ ರೈತರು ಬಹಾರ್ ಎಂದು ಹೇಳುವ ಪದ್ಧತಿ ಕುಂಡದಲ್ಲಿ ಇನ್ನೂ ಸುಲಭ: ಬೆಳೆದ ಗಿಡಕ್ಕೆ ಕೆಲವು ದಿನ ನೀರು ನಿಲ್ಲಿಸಿ, ಎಲೆ ಜೋತಾಡುವ ಹಂತಕ್ಕೆ ಬಂದಾಗ ಗೊಬ್ಬರ ಕೊಟ್ಟು ಧಾರಾಳವಾಗಿ ನೀರೆರೆದರೆ ಹೂ ಒಟ್ಟಾಗಿ ಬರುತ್ತದೆ. ನಿಂಬೆಗೂ ಇದು ಸಲ್ಲುತ್ತದೆ. ದಾಳಿಂಬೆಯ ಹೂ ರಾಶಿರಾಶಿಯಾಗಿ ಉದುರಿತೆಂದು ಕಳವಳಪಡುವವರು ಉದುರಿದ ಹೂವೊಂದನ್ನು ಕೈಗೆತ್ತಿಕೊಂಡು ನೋಡಲಿ. ಬುಡ ಕಿರಿದಾಗಿ ಗಂಟೆಯ ಆಕಾರದಲ್ಲಿದ್ದರೆ ಅದು ಗಂಡು ಹೂ, ಉದುರುವುದೇ ಅದರ ಧರ್ಮ. ಬುಡ ಹೂಜಿಯಂತೆ ಉಬ್ಬಿರುವವೇ ಕಾಯಾಗುವಂಥವು, ಅವು ಗಿಡದಲ್ಲಿಯೇ ಇರುತ್ತವೆ. ಕಾಯಿ ಬಲಿಯುವ ಕಾಲದಲ್ಲಿ ಒಂದು ದಿನ ಬರ, ಮರುದಿನ ಪ್ರವಾಹ ಎಂಬಂತೆ ನೀರೆರೆದರೆ ಹಣ್ಣು ಬಿರಿಯುತ್ತದೆ. ಮೊದಲ ವರ್ಷದ ಕಾಯಿಗಳನ್ನು, ಅವು ಯಾವ ಹಣ್ಣಿನವಾದರೂ ಸರಿ, ಎಳೆಯದರಲ್ಲಿಯೇ ಚಿವುಟಿಬಿಡಿ. ಮನೆಯ ಮಕ್ಕಳಿಗೆ ಸಮಾಧಾನ ಹೇಳುವ ಹೊಣೆ ತಮ್ಮದು.

ಕೀಟಗಳ ಪೈಕಿ ಹಿಟ್ಟು ತಿಗಣೆಗೆ ಬೇವಿನೆಣ್ಣೆ ಸೋಪಿನ ನೀರು, ಸೀಬೆಯ ಹಣ್ಣಿನ ನೊಣಕ್ಕೆ ಕಾಯಿಗೊಂದು ಕಾಗದದ ಚೀಲ. ಇಷ್ಟನ್ನು ಎಲ್ಲರೂ ಬಲ್ಲರು. ನಿಂಬೆಯ ಎಲೆಯ ಮೇಲೆ ಕಾಣಿಸಿಕೊಳ್ಳುವ ಒಂದು ಹುಳುವಿನ ಬಗ್ಗೆ ಮಾತ್ರ ನನ್ನದೊಂದು ಶಿಫಾರಸು ಉಂಟು. ಅದು ಮೊದಲಿಗೆ ಹಕ್ಕಿಯ ಹಿಕ್ಕೆಯ ಹಾಗೆ ಕಪ್ಪು ಬಿಳುಪಾಗಿ ಬಿದ್ದುಕೊಂಡಿದ್ದು, ಹಕ್ಕಿಗಳನ್ನೇ ಮೋಸಗೊಳಿಸುತ್ತದೆ. ಬೆಳೆದಮೇಲೆ ಎಲೆಯ ಹಸುರನ್ನೇ ತಾಳುತ್ತದೆ. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆಬಣ್ಣದ ಎರಡು ಕೋಡುಗಳನ್ನು ಹೊರಚಾಚಿ ಕಟುವಾದ ವಾಸನೆ ಬಿಡುತ್ತದೆ. ನಿಂಬೆ ಚಿಟ್ಟೆಯ ಮರಿ ಇದು. ಎಳೆಯ ಗಿಡವಾದರೆ ಎರಡೇ ದಿನದಲ್ಲಿ ಬೋಳಿಸಿಬಿಡುವುದರಿಂದ ಕೈಯಿಂದ ಆರಿಸಿ ತೆಗೆಯಲೇಬೇಕು. ಗಿಡ ಬಲಿತಿದ್ದರೆ ನಾಲ್ಕೈದು ಹುಳುಗಳಿಗೆ ಅನ್ನ ಹಾಕಿದ ಮಾತ್ರಕ್ಕೆ ಅದು ಬಡವಾಗುವುದಿಲ್ಲ. ಸೀಮೆಂಟಿನ ಈ ಮೊಹಲ್ಲಾಗಳಲ್ಲಿ ಚಿಟ್ಟೆಗೆ ಮೊಟ್ಟೆಯಿಡಲು ಸಿಕ್ಕಿದ ನಿಂಬೆ ತಮ್ಮದೊಂದೇ ಇರಬಹುದು.

ಕೊನೆಯದಾಗಿ, ಈ ಪತ್ರ ತಲಪುವ ಮುಂಚೆಯೇ ಹಲಸನ್ನೋ ನೇರಳೆಯನ್ನೋ ಬೀಜದ ಮಾವನ್ನೋ ಕೊಂಡು ತಂದು, ಅದೀಗ ಕುಂಡಕ್ಕೆ ಮೀರಿ ಬೆಳೆದು ತಾರಸಿಯ ಗಾಳಿಗೆ ವಾರಕ್ಕೊಮ್ಮೆ ಉರುಳಿಬೀಳುವುದನ್ನು ನೋಡುತ್ತಿರುವವರಿಗೆ ಒಂದು ಮಾತು. ಅದನ್ನು ಮತ್ತೂ ದೊಡ್ಡ ಪೀಪಾಯಿಗೆ ಏರಿಸಬೇಡಿ. ಊರಿನಲ್ಲಿ ಅಣ್ಣತಮ್ಮಂದಿರ ಹೊಲದ ಬದುವಿದ್ದರೆ, ಇಲ್ಲವೆ ಹತ್ತಿರದ ಸರ್ಕಾರಿ ಶಾಲೆಯ ಆವರಣದಲ್ಲಿ ಜಾಗವಿದ್ದು ಮುಖ್ಯೋಪಾಧ್ಯಾಯರು ಒಪ್ಪಿದರೆ, ಮುಂಗಾರಿನ ಎರಡು ಹದ ಮಳೆಯಾದ ಮೇಲೆ ಎರಡು ಅಡಿ ಅಗಲ, ಎರಡು ಅಡಿ ಆಳದ ಗುಂಡಿಯಲ್ಲಿ ಅದನ್ನು ನೆಲಕ್ಕೆ ಒಪ್ಪಿಸಿ. ವಿದ್ಯುತ್ ತಂತಿಯ ಕೆಳಗೆ ಬೇಡ. ನೆಡುವ ಮುನ್ನ ಸುತ್ತಿಕೊಂಡಿರುವ ಬೇರುಗಳನ್ನು ನಾಲ್ಕು ಕಡೆ ಮೇಲಿನಿಂದ ಕೆಳಕ್ಕೆ ಸೀಳಿ ಬಿಡಿಸಬೇಕು. ಬಿಡಿಸದೆ ನೆಟ್ಟರೆ ಎಷ್ಟೇ ವಿಶಾಲವಾದ ನೆಲದಲ್ಲಿಯೂ ಅವು ಕುಂಡದ ಅಳತೆಯಲ್ಲಿಯೇ ಸುತ್ತುತ್ತ ಕಾಲಾಂತರದಲ್ಲಿ ತಮ್ಮ ಕಾಂಡಕ್ಕೆ ತಾವೇ ಉರುಳಾಗುತ್ತವೆ. ಕಸಿಯ ಗಿಡವಾದರೆ ಗಂಟು ನೆಲದಿಂದ ಒಂದು ಗೇಣು ಮೇಲಿರಲಿ. ಮೊದಲ ಬೇಸಗೆಯಲ್ಲಿ, ಅದರಲ್ಲಿಯೂ ಶಾಲೆಗೆ ರಜೆಯಿರುವ ಏಪ್ರಿಲ್ ಮೇ ತಿಂಗಳುಗಳಲ್ಲಿ, ವಾರಕ್ಕೆರಡು ಸಲ ನೀರು ಹೊಯ್ಯುವವರು ಯಾರೆಂಬುದನ್ನು ಗುಂಡಿ ತೋಡುವ ಮುಂಚೆಯೇ ಗೊತ್ತುಮಾಡಿಕೊಳ್ಳಿ.

ಇತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ತೋಟಿಗ